ಇರುವೆ ಬಣಗಳನ್ನು ಬೇರೆ ಬೇರೆಯಾಗಿಸುವ ಮೂರು ದಾರಿಗಳು: ಆಡಿ ನೋಡಿದ ಹೋಲಿಕೆ

ಇರುವೆ ಗೂಡನ್ನು ಕಟ್ಟಿ ಬೆಳೆಸುವ ಒಂದು ತಂತ್ರಗಾರಿಕೆಯ ಆಟವನ್ನು ಬಿಡುವಿನ ವೇಳೆಯಲ್ಲಿ ರೂಪಿಸುತ್ತಿದ್ದೇನೆ. ಅದರಲ್ಲಿ ಮೂರು ಬಣಗಳಿವೆ: ಮರದ ಎಲೆಗಳನ್ನು ಹೊಲಿದು ಗೂಡು ಕಟ್ಟುವ ನಮ್ಮ ಮಲೆನಾಡಿನ ಚಗಳಿ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಎಲೆ ಕತ್ತರಿಸುವ ಅಟ್ಟಾ, ಅದೇ ಸೀಮೆಯ ಕಾಡುಗಳಲ್ಲಿ ದಂಡುಗಟ್ಟಿ ಅಲೆಯುವ ಎಸಿಟಾನ್. ಇವು ಒಂದಕ್ಕಿಂತ ಒಂದು ಬೇರೆ ಎನಿಸಲು ಏನನ್ನು ಬದಲಿಸಬೇಕೆಂದು ತಿಳಿಯಲು, ಕೋಡ್ ಬರೆಯುವ ಮೊದಲೇ, ಹುಣಸೆ ಬೀಜಗಳನ್ನು ಇರುವೆಗಳೆಂದು ಕಾಗದದ ಮೇಲಿಟ್ಟು ಮೂರು ದಾರಿಗಳನ್ನು ತಮ್ಮನೊಂದಿಗೆ ಆಡಿ ನೋಡಿದೆ. ಅವನ ನಡೆಗಳನ್ನಷ್ಟೇ ಬರೆದಿಟ್ಟುಕೊಂಡು, ವಾರದ ನಂತರ ಬಣದ ಹೆಸರು ಮುಚ್ಚಿ ಅವನಿಗೇ ತೋರಿಸಿ, ಇದು ಯಾವ ಬಣವೆಂದು ಕೇಳುವುದು ನನ್ನ ಅಳತೆಗೋಲಾಗಿತ್ತು.

ಮೊದಲನೆಯದು ಅಂಕಿಗಳನ್ನು ಬದಲಿಸುವುದು: ಚಗಳಿಗೆ ಕಚ್ಚುವ ಬಲ, ಅಟ್ಟಾಗೆ ಹೊರುವ ಶಕ್ತಿ, ಎಸಿಟಾನ್‌ಗೆ ವೇಗ. ಸಮತೋಲನ ಒಂದೇ ಸಂಜೆಯಲ್ಲಿ ಸಿಕ್ಕಿತು. ಆದರೆ ತಮ್ಮ ಮೂರನ್ನೂ ಒಂದೇ ಬಗೆಯಲ್ಲಿ ಆಡಿದ; ಪಟ್ಟಿ ನೋಡಿ ಬಣವನ್ನು ಗುರುತಿಸಲು ಅವನಿಗಾಗಲಿಲ್ಲ, ನನಗೂ ಆಗಲಿಲ್ಲ.

ಎರಡನೆಯದು ಪ್ರತಿ ಬಣಕ್ಕೂ ಒಂದು ವಿಶೇಷ ಪಡೆ ಕೊಡುವುದು. ಅಟ್ಟಾಗೆ ದೊಡ್ಡ ತಲೆಯ ಸೈನಿಕರು, ಚಗಳಿಗೆ ಆಮ್ಲ ಚಿಮ್ಮಿಸುವವರು, ಎಸಿಟಾನ್‌ಗೆ ತಮ್ಮ ಮೈಗಳನ್ನೇ ಹೆಣೆದು ಸೇತುವೆಯಾಗುವವರು. ನೋಡಲು ಸೊಗಸಾಗಿತ್ತು, ಆದರೆ ಆ ಪಡೆ ಬರುವ ಹೊತ್ತಿಗೆ ಅರ್ಧ ಆಟ ಮುಗಿದಿರುತ್ತಿತ್ತು. ಉಪ್ಪಿನಕಾಯಿ ಬೇರೆ, ಊಟ ಒಂದೇ.

ಮೂರನೆಯದು ಊಟವನ್ನೇ ಬದಲಿಸುವುದು, ಅಂದರೆ ಆಹಾರ ಮತ್ತು ಗೂಡಿನ ನಿಯಮಗಳನ್ನು ಆಯಾ ಇರುವೆಯ ನಿಜವಾದ ಬದುಕಿನಿಂದ ತೆಗೆದುಕೊಳ್ಳುವುದು. ಅಟ್ಟಾ ತಂದ ಎಲೆ ಗೂಡಿಗೆ ನೇರ ಆಹಾರವಲ್ಲ. ಅದರ ಮೇಲೆ ಬೆಳೆಸಿದ ಶಿಲೀಂಧ್ರವೇ ಮರಿಹುಳುಗಳ ಊಟ. ಆದ್ದರಿಂದ ಇಂದು ತಂದ ಎಲೆ ಎರಡು ಸುತ್ತು ಕಳೆದ ಮೇಲಷ್ಟೇ ಫಲ ಕೊಡುತ್ತದೆ. ಎಸಿಟಾನ್ ಗೂಡು ಕಟ್ಟುವುದೇ ಇಲ್ಲ. ಮರಿಹುಳುಗಳು ಹಸಿದಿರುವ ಸುಮಾರು 15 ದಿನ ಅಲೆದು, ಅವು ಕೋಶಕ್ಕೆ ಸೇರಿದ ಸುಮಾರು 20 ದಿನ ಒಂದೆಡೆ ತಂಗುತ್ತದೆ. ಇದನ್ನು ಮೂರು ಸುತ್ತು ನಡಿಗೆ, ನಾಲ್ಕು ಸುತ್ತು ತಂಗುವಿಕೆ ಎಂದು ಇಳಿಸಿದೆ. ಚಗಳಿಯಲ್ಲಿ ಎಲೆಗಳನ್ನು ಹೊಲಿಯುವ ರೇಷ್ಮೆ ಬರುವುದು ಮರಿಹುಳುಗಳಿಂದ ಮಾತ್ರ. ಹೊಲಿಗೆಗೆ ಕೊಟ್ಟ ಮರಿ ನನ್ನ ಆಟದಲ್ಲಿ ಒಂದು ಸುತ್ತು ತಡವಾಗಿ ಬೆಳೆಯುತ್ತದೆ. ತಮ್ಮ ಒಂದು ಬೀಜವನ್ನು ಬೆರಳಲ್ಲಿ ಹಿಡಿದು, "ಅಕ್ಕಾ, ಇದನ್ನ ಹೊಲಿಗೆಗೆ ಕೊಟ್ರೆ ನಾಳೆ ಕೆಲಸಕ್ಕೆ ಯಾರು ಹೋಗ್ತಾರೆ?" ಎಂದು ಬಹಳ ಹೊತ್ತು ಕುಳಿತ. ಆ ಪ್ರಶ್ನೆ ಉಳಿದೆರಡು ಬಣಗಳಲ್ಲಿ ಹುಟ್ಟುವುದೇ ಇಲ್ಲ. ವಾರದ ನಂತರ ಅವನು ಮೂರೂ ಪಟ್ಟಿಗಳನ್ನು ತಡವರಿಸದೆ ಗುರುತಿಸಿದ. 1998ರ ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಯುದ್ಧದಾಟದಲ್ಲೂ ಕಟ್ಟಡ ಎಬ್ಬಿಸಲು ಜರ್ಗ್ ಬಣಕ್ಕೆ ಕ್ರೀಪ್ ಎಂಬ ಲೋಳೆ ಹರಡಿದ ನೆಲ, ಪ್ರೋಟಾಸ್ ಬಣಕ್ಕೆ ಹತ್ತಿರದಲ್ಲೊಂದು ಪೈಲಾನ್ ಎಂಬ ಶಕ್ತಿಸ್ತಂಭ ಬೇಕೆಂಬ ನಿಯಮಗಳು ನನ್ನ ಮಟ್ಟಿಗೆ ಅವುಗಳ ಆಯುಧಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿವೆ.

ಈ ದಾರಿಗೆ ಬೆಲೆಯೂ ಇದೆ. ನಿಯಮ ವಿವರಿಸಲು ಕಾಲು ಗಂಟೆ ಹಿಡಿಯಿತು, ಮೊದಲ ಆಟಗಳೆಲ್ಲ ಎಸಿಟಾನ್ ಪಾಲಾದವು. ತಂಗುವ ಸುತ್ತುಗಳು ಎದುರಾಳಿಗೆ ಕಾಣುವಂತೆ ಮಾಡಿದ ಮೇಲೆ ಆ ಮೇಲುಗೈ ತಗ್ಗಿತು. ಹಾಗಿದ್ದರೂ ನಾನು ಆರಿಸಿಕೊಂಡದ್ದು ಮೂರನೆಯದನ್ನೇ; ಅಂಕಿಗಳನ್ನು ಕೊನೆಯ ಹದಕ್ಕೆ ಮಾತ್ರ ಮುಟ್ಟುತ್ತೇನೆ. ಮರವಿಲ್ಲದ ನಕ್ಷೆಯಲ್ಲಿ ಚಗಳಿ ಏನು ಮಾಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಪ್ರತಿ ನಕ್ಷೆಯಲ್ಲೂ ಒಂದು ಮಾವಿನ ಮರ ನೆಟ್ಟಿದ್ದೇನೆ.