ಗಾಜಿನ ಜಾರಿನಲ್ಲಿ ಹ್ಯಾಲೋವೀನ್ ಸಿಹಿ: ಚಿಕ್ಕಮಗಳೂರಿನ ಒಂದು ಮಕ್ಕಳ ಕಾರ್ಯಾಗಾರ

ಚಿಕ್ಕಮಗಳೂರಿನಲ್ಲಿ ಮನೆಯಲ್ಲೇ ಕೇಕ್ ತಯಾರಿಸಿ ಮಾರುವ ಮಹಿಳೆಯೊಬ್ಬರು ಅಕ್ಟೋಬರ್ ಕೊನೆಯ ವಾರದಲ್ಲಿ ನಡೆಸುವ ಹ್ಯಾಲೋವೀನ್ (ದೆವ್ವ, ಮಾಟಗಾತಿಯರ ವೇಷದ ಪಾಶ್ಚಾತ್ಯ ಹಬ್ಬ) ಸಿಹಿತಿನಿಸಿನ ಕಾರ್ಯಾಗಾರಕ್ಕೆ ನನ್ನ ಮಗಳನ್ನೂ ತಂಗಿಯ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಒಂದು ಮಗುವಿಗೆ 650 ರೂಪಾಯಿ ಶುಲ್ಕವಿದ್ದು, ಅದರಲ್ಲಿ ಮೂರು ಗಾಜಿನ ಜಾರುಗಳು, ಸಾಮಗ್ರಿ, ಏಪ್ರನ್ ಎಲ್ಲವೂ ಸೇರಿವೆ. ಒಲೆಯ ಕೆಲಸವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಕ್ಕಳ ಕೈಯಿಂದಲೇ ಮಾಡಿಸುವುದು ಇಲ್ಲಿನ ದೊಡ್ಡ ಗುಣ. ಅದಕ್ಕಾಗಿಯೇ ಇತರ ತಂದೆತಾಯಿಯರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ ಬಣ್ಣ ಮತ್ತು ಕ್ರೀಮಿನ ವಿಷಯದಲ್ಲಿ ನನಗೆ ಗಂಭೀರವಾದ ತಕರಾರಿದೆ.

ಮೂರು ಜಾರುಗಳಲ್ಲಿ ಅತ್ಯುತ್ತಮವಾದುದು ಕುಂಬಳದ್ದು. ಕಿತ್ತಳೆ ಬಣ್ಣದ ಪದರಕ್ಕೆ ಪುಡಿ ಬಣ್ಣ ಬೆರೆಸದೆ, ಸಂತೆಯಿಂದ ತಂದ ಸಿಹಿಗುಂಬಳವನ್ನೇ ಬಳಸುತ್ತಾರೆ. ಹಬೆಯಲ್ಲಿ ಬೆಂದ ಹೋಳುಗಳನ್ನು ಮಕ್ಕಳು ಸೌಟಿನಿಂದ ಹಿಸುಕಿ, ಜರಡಿಯಲ್ಲಿ ತಿಕ್ಕಿ ನಾರು ತೆಗೆದರು. ಅದಕ್ಕೆ ಜೋನಿಬೆಲ್ಲ, ಏಲಕ್ಕಿ ಪುಡಿ ಮತ್ತು ಹೆಪ್ಪುಗಟ್ಟಿಸಲು ಚೈನಾ ಗ್ರಾಸ್ ಕರಗಿಸಿದ ಹಾಲು ಸೇರಿತು. ಕುಂಬಳದ ಕಡುಬು ತಿಂದು ಬೆಳೆಯುವ ಮಲೆನಾಡಿನ ಮಕ್ಕಳಿಗೆ ಈ ರುಚಿ ಅಪರಿಚಿತವಲ್ಲ. ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸುವ ನನ್ನ ಮಗಳು ಜಾರಿನ ತಳವನ್ನೂ ಬಿಡದೆ ಕೆರೆದು ತಿಂದಳು.

ಜೆಲಾಟಿನ್ ಬದಲು ಚೈನಾ ಗ್ರಾಸ್ ಆರಿಸಿಕೊಂಡಿರುವುದು ವಿವೇಕದ ಕೆಲಸ. ಜೆಲಾಟಿನ್ ಪ್ರಾಣಿಜನ್ಯವಾದುದು, ಗಟ್ಟಿಯಾಗಲು ಫ್ರಿಜ್ ಬೇಕು, ಹೊರಗಿಟ್ಟು ಬಿಸಿಲು ತಗುಲಿದರೆ ಮತ್ತೆ ಕರಗುತ್ತದೆ. ಸಮುದ್ರದ ಪಾಚಿಯಿಂದ ಬರುವ ಚೈನಾ ಗ್ರಾಸ್ ಕುದಿಯುವ ಹಾಲಿನಲ್ಲಿ ಕರಗಿ, ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವಷ್ಟರಲ್ಲಿ ಹೊರಗೇ ಹೆಪ್ಪುಗಟ್ಟುತ್ತದೆ. ಒಮ್ಮೆ ಕೂತ ಮೇಲೆ 85 ಡಿಗ್ರಿಯ ಹತ್ತಿರ ಬರುವವರೆಗೂ ಕರಗುವುದಿಲ್ಲ. ಮಳೆಗಾಲ ಮುಗಿದರೂ ಕರೆಂಟಿನ ಭರವಸೆ ಇರದ ನಮ್ಮ ಕಡೆ ಇದು ಸಣ್ಣ ಅನುಕೂಲವಲ್ಲ.

ಆದರೆ ಇದೇ ಗುಣದಿಂದ ಕೆಲಸಕ್ಕೆ ಸಿಗುವ ಸಮಯ ಕಡಿಮೆ. ತೀರಾ ಬಿಸಿ ಇರುವಾಗ ಸುರಿದರೆ, ಗಾಜಿನ ಒಳಮೈ ಹಿಗ್ಗಿ ಹೊರಮೈ ಹಿಗ್ಗದೆ ಜಾರು ಸೀಳುತ್ತದೆ. ತಡಮಾಡಿದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಇದನ್ನು ಅವರು ಕಲಿಸಿದ ರೀತಿ ನನಗೆ ಬಹಳ ಹಿಡಿಸಿತು. ಜಾರುಗಳನ್ನು ಮೊದಲೇ ಉಗುರುಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿದ್ದರು. ಪಾತ್ರೆಯ ಹೊರಮೈಗೆ ಪ್ರತಿ ಮಗುವೂ ಕೈಯ ಹಿಂಬದಿಯನ್ನು ಒತ್ತಿ ನೋಡಬೇಕು, ಬಿಸಿಯನ್ನು ತಾಳಿಕೊಂಡು ಕೈ ಅಲ್ಲೇ ಇರಿಸಲು ಸಾಧ್ಯವಾದಾಗ ಮಾತ್ರ ಸುರಿಯಬೇಕು. ನಂತರ ಜಾರನ್ನು ಅಕ್ಕಿ ತುಂಬಿದ ಬಟ್ಟಲಿನಲ್ಲಿ ಓರೆಯಾಗಿ ನಿಲ್ಲಿಸಿದರು. ಮೊದಲ ಪದರ ಓರೆಯಾಗಿಯೇ ಕೂತು, ಮೇಲ್ಮೈ ಇನ್ನೂ ಬೆರಳಿಗೆ ಸ್ವಲ್ಪ ಅಂಟುವಾಗ ಕೋಕೋ ಬೆರೆಸಿದ ಎರಡನೆಯ ಪದರ ಬಿತ್ತು. ಕೆಳಪದರ ಪೂರ್ತಿ ಗಟ್ಟಿಯಾದ ಮೇಲೆ ಸುರಿದರೆ ಎರಡೂ ಬೆಸೆಯದೆ, ಚಮಚ ಹಾಕಿದೊಡನೆ ಬೇರೆಯಾಗಿ ಜಾರುತ್ತವೆ ಎಂಬುದನ್ನು ಕಾರಣಸಹಿತ ವಿವರಿಸಿದರು.

ಜೇಡರ ಬಲೆ ಬಿಡಿಸುವುದು ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಬಿಳಿ ಕ್ರೀಮಿನ ಮೇಲೆ ಕರಗಿದ ಚಾಕೊಲೇಟನ್ನು ಮೆಹಂದಿ ಕೋನ್ ಒತ್ತಿದ ಹಾಗೆ ಒಂದರೊಳಗೊಂದು ವೃತ್ತವಾಗಿ ಬಿಟ್ಟು, ಹಲ್ಲುಕಡ್ಡಿಯ ತುದಿಯನ್ನು ನಡುವಿನಿಂದ ಅಂಚಿಗೆ ಎಳೆದರೆ ಬಲೆ ಮೂಡುತ್ತದೆ. ಪ್ರತಿ ಎಳೆತದ ನಂತರ ಕಡ್ಡಿಯನ್ನು ಒರೆಸದಿದ್ದರೆ ಗೆರೆ ಕಲಸಿಹೋಗುತ್ತದೆ. ಬಿಸ್ಕತ್ತಿನ ಪುಡಿಯನ್ನು ಮಣ್ಣಿನಂತೆ ಹರಡಿ, ಮಾರಿ ಬಿಸ್ಕತ್ತನ್ನು ಸಮಾಧಿಯ ಕಲ್ಲಾಗಿ ನೆಡುವ ಜಾರು ಸಾಧಾರಣ. ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

ಹಬ್ಬದ ಹಿನ್ನೆಲೆಯನ್ನು ಹೇಳಲು ಅವರು ಸಮಯ ತೆಗೆದಿಟ್ಟಿದ್ದು ಸಂತೋಷದ ಸಂಗತಿ. ನವೆಂಬರ್ 1ರ ಸಕಲ ಸಂತರ ದಿನದ ಮುನ್ನಾದಿನವಾದ ಅಕ್ಟೋಬರ್ 31ರಂದು ಹ್ಯಾಲೋವೀನ್ ಬರುತ್ತದೆ. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದ ಜನ 19ನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದಾಗ ಅಲ್ಲಿ ಹೇರಳವಾಗಿ ಸಿಗುತ್ತಿದ್ದ ಕುಂಬಳಕ್ಕೆ ಬದಲಾದರು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಗಳ ಮಕ್ಕಳು, ತೀರಿಹೋದವರನ್ನು ನೆನೆಯುವ ಕಾಲ ಬೇರೆ ನಾಡುಗಳಲ್ಲೂ ಇದೆಯೆಂದು ಕೇಳಿ ತಮ್ಮ ಮನೆಯ ಎಡೆಯಲ್ಲಿ ಏನೇನಿತ್ತು ಎಂದು ಹೇಳತೊಡಗಿದರು. ದೀಪಾವಳಿಯ ಆಸುಪಾಸಿನಲ್ಲಿ ಸಮಾಧಿ, ದೆವ್ವ ಎಂದೆಲ್ಲ ಏಕೆ ಎಂದು ಒಬ್ಬರು ಅಜ್ಜಿ ಮುಜುಗರಪಟ್ಟಿದ್ದರು. ಈ ಮಾತುಕತೆಯ ನಂತರ ಅವರೇ ಮೊಮ್ಮಗನಿಗೆ ಬಿಸ್ಕತ್ತು ನೆಡಲು ನೆರವಾದರು.

ಇನ್ನು ತಕರಾರಿಗೆ ಬರುತ್ತೇನೆ. ಮೂರನೆಯದಾದ ಮಾಟಗಾತಿಯ ಜಾರಿನ ಹಸಿರು ಪದರಕ್ಕೆ ಕೃತಕ ಬಣ್ಣದ ಪುಡಿ ಕೊಟ್ಟು, ಎಷ್ಟು ಬೇಕೋ ಅಷ್ಟು ಹಾಕಿಕೊಳ್ಳುವಂತೆ ಮಕ್ಕಳಿಗೇ ಬಿಟ್ಟರು. ಅನುಮತಿ ಇರುವ ಕೃತಕ ಬಣ್ಣಕ್ಕೂ ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಸಾಮಾನ್ಯವಾಗಿ ಒಂದು ಕಿಲೋ ತಿನಿಸಿಗೆ 100 ಮಿಲಿಗ್ರಾಂ ಮಿತಿ ಇದೆ. 150 ಗ್ರಾಂ ಹಿಡಿಯುವ ಜಾರಿಗೆ ಅದು 15 ಮಿಲಿಗ್ರಾಂ ಆಗುತ್ತದೆ; ಮಗುವಿನ ಒಂದು ಚಿಟಿಕೆ ಅದನ್ನು ಸುಲಭವಾಗಿ ದಾಟುತ್ತದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ಕರ್ನಾಟಕ ಸರ್ಕಾರವೇ ನಿಷೇಧಿಸಿದ ಮೇಲೂ ಮಕ್ಕಳ ತಿನಿಸಿನಲ್ಲಿ ಈ ಉದಾಸೀನ ಸಲ್ಲದು. ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದ ಹೂವನ್ನು ಬಿಸಿನೀರಿಗೆ ಹಾಕಿದರೆ ಕಡುನೀಲಿ ಬರುತ್ತದೆ, ನಾಲ್ಕು ಹನಿ ನಿಂಬೆರಸ ಬಿದ್ದರೆ ಅದು ಕಣ್ಣೆದುರೇ ನೇರಳೆಗೆ ತಿರುಗುತ್ತದೆ. ಮಾಟಗಾತಿಯ ಜಾರಿಗೆ ಇದಕ್ಕಿಂತ ಚೆಂದದ ಬಣ್ಣ ಬೇಕೆ?

ಬಳಸಿದ ಕ್ರೀಂ ಕೂಡ ಹಾಲಿನದಲ್ಲ, ಸಸ್ಯದ ಕೊಬ್ಬು ಮತ್ತು ಸಕ್ಕರೆಯದು. ಅಂಗಡಿಯಲ್ಲಿ ಸಿಗುವ ಶೇ. 25ರಷ್ಟು ಕೊಬ್ಬಿನ ಫ್ರೆಶ್ ಕ್ರೀಂ ಕಡೆದರೆ ನಿಲ್ಲುವುದಿಲ್ಲ, ಅದಕ್ಕೆ ಶೇ. 30ಕ್ಕಿಂತ ಹೆಚ್ಚು ಕೊಬ್ಬು ಬೇಕು ಎಂಬ ಅವರ ಸಮಜಾಯಿಷಿ ನಿಜವೇ. ಆದರೆ ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಸಕ್ಕರೆ ಪುಡಿ ಸೇರಿಸಿದರೆ, ಎರಡು ಚಾಕೊಲೇಟ್ ಕಣ್ಣಿಟ್ಟ ಬಿಳಿ ದೆವ್ವ ಚೆನ್ನಾಗಿಯೇ ನಿಲ್ಲುತ್ತದೆ. ಮನೆಗೆ ಬಂದ ಮೇಲೆ ಮಾಡಿ ನೋಡಿದ್ದೇನೆ, ಅತಿಸಿಹಿಯೂ ತಗ್ಗುತ್ತದೆ. ಕಡಲೆಕಾಯಿ, ಗೋಡಂಬಿ, ಹಾಲು ಒಗ್ಗದ ಮಕ್ಕಳಿದ್ದಾರೆಯೇ ಎಂದು ಆರಂಭದಲ್ಲಿ ಯಾರೂ ವಿಚಾರಿಸಲಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಅಡುಗೆಮನೆ ಸ್ವಚ್ಛವಾಗಿತ್ತು, ಆಹಾರ ಸುರಕ್ಷತೆಯ 14 ಅಂಕಿಗಳ ನೋಂದಣಿ ಸಂಖ್ಯೆ ಗೋಡೆಯ ಮೇಲಿತ್ತು. ಜಾರುಗಳನ್ನು ಮಾತ್ರ ಐಸ್ ಇಲ್ಲದೆ ಬರಿಯ ರಟ್ಟಿನ ಪೆಟ್ಟಿಗೆಯಲ್ಲಿ ಕೊಡುತ್ತಾರೆ. ಮೂಡಿಗೆರೆಯಿಂದ ಬಂದಿದ್ದ ಕುಟುಂಬದ ಜಾರುಗಳಲ್ಲಿ ತಿರುವುಗಳ ದಾರಿ ಮುಗಿಯುವಷ್ಟರಲ್ಲಿ ಕ್ರೀಂ ಇಳಿದು ಬಲೆಯೆಲ್ಲ ಕದಡಿತ್ತಂತೆ. ದೂರದಿಂದ ಬರುವವರು ಐಸ್ ಪ್ಯಾಕ್ ಇರುವ ಚೀಲ ತರಬೇಕು, ಮನೆಯಲ್ಲಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು.

ಆರು ವರ್ಷ ದಾಟಿದ ಮಕ್ಕಳಿಗೆ ಇದು ಸರಿಹೊಂದುತ್ತದೆ. ಅದಕ್ಕಿಂತ ಚಿಕ್ಕವರಿಗೆ ಕೋನ್ ಒತ್ತುವುದು ಕಷ್ಟ, ಗಾಜಿನ ಬಳಿ ದೊಡ್ಡವರೊಬ್ಬರು ಕೂರಲೇಬೇಕು. ಕೃತಕ ಬಣ್ಣ ಬೇಡವೆಂದು ಹೆಸರು ಬರೆಸುವಾಗಲೇ ತಿಳಿಸಿದರೆ ಕುಂಬಳ ಮತ್ತು ಕೋಕೋದಲ್ಲೇ ಮೂರೂ ಜಾರು ಮಾಡಿಸಲು ಅವರು ಸಿದ್ಧರಿದ್ದಾರೆ, ಶುಲ್ಕದಲ್ಲಿ ವ್ಯತ್ಯಾಸವಿಲ್ಲ.