ಎವೊರಾದ ಕೋಟೆಗೋಡೆಯ ಹೊರಗೆ ಕ್ಯಾಂಪರ್‌ವ್ಯಾನ್ ನಿಲ್ಲಿಸುವ ಮುನ್ನ ಓದಿ

ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಕ್ಯಾಂಪರ್‌ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ವ್ಯಾನ್) ಬಾಡಿಗೆಗೆ ಹಿಡಿದು ಒಂದು ದಿನದ ಮಟ್ಟಿಗೆ ಅಲ್ಲಿನ ಹಳೆಯ ಊರು ಎವೊರಾ ನೋಡಿಬರುವ ಯೋಚನೆ ನಿಮಗಿದ್ದರೆ, ಎವೊರಾಕ್ಕೆ ಖಂಡಿತ ಹೋಗಿ, ಆದರೆ ವ್ಯಾನ್ ಬೇಡ. ಅದನ್ನು ಗೋಡೆಯ ಹೊರಗಿನ ಕಾವಲಿಲ್ಲದ ಬಯಲಿನಲ್ಲಿ ಬಿಟ್ಟು ಊರೊಳಗೆ ನಡೆದುಹೋಗುವುದಂತೂ ಬೇಡವೇ ಬೇಡ. ಈ ಬೇಸಿಗೆಯಲ್ಲಿ ನಮ್ಮ ವ್ಯಾನಿಗೆ ಕಳ್ಳರು ನುಗ್ಗಿದ್ದು ಅಲ್ಲಿಯೇ, ಜನ ಓಡಾಡುವ ನಡುಹಗಲಿನಲ್ಲಿ.

ಬಾಡಿಗೆ ಕಂಪನಿಯ ಹುಡುಗನೇ ಆ ಜಾಗ ತೋರಿಸಿಕೊಟ್ಟವನು. ‘ಹಗಲು ಅಲ್ಲಿ ಏನೂ ಆಗುವುದಿಲ್ಲ. ಪಾಸ್‌ಪೋರ್ಟ್ ಹೊತ್ತು ತಿರುಗಬೇಡಿ, ಸೀಟಿನ ಕೆಳಗೆ ಬೀಗದ ಪೆಟ್ಟಿಗೆ ಇದೆ’ ಎಂದ. ಆ ಪೆಟ್ಟಿಗೆ ನೆಲಕ್ಕೆ ಕೂಡಿಕೊಂಡಿದ್ದದ್ದು ನಾಲ್ಕು ಸಣ್ಣ ಸ್ಕ್ರೂಗಳಿಂದ. ಬಹುತೇಕ ಕ್ಯಾಂಪರ್‌ವ್ಯಾನ್‌ಗಳ ಬದಿಯ ಕಿಟಕಿಗಳು ಗಾಜಿನವಲ್ಲ, ಅಕ್ರಿಲಿಕ್ ಹಾಳೆಗಳು. ಮೀಟಿದರೆ ಸದ್ದಿಲ್ಲದೆ ಬಿಟ್ಟುಕೊಳ್ಳುತ್ತವೆ. ಸಾಲದ್ದಕ್ಕೆ ವ್ಯಾನಿನ ಮೈತುಂಬ ಕಂಪನಿಯ ಬಣ್ಣಬಣ್ಣದ ಹೆಸರು. ಒಳಗೆ ಪರದೇಶದವರ ಇಡೀ ಸಂಸಾರವೇ ಇದೆ ಎಂದು ಬೋರ್ಡು ಹಾಕಿದ ಹಾಗೆ!

ಎವೊರಾ ನೋಡಲು ಹೋದವರು ಬೇಗ ಹಿಂದಿರುಗುವುದಿಲ್ಲ ಎಂಬುದೂ ಕಳ್ಳರಿಗೆ ಗೊತ್ತು. ರೋಮನ್ನರ ಕಾಲದ ದೇವಾಲಯ, ಪಕ್ಕದಲ್ಲೇ ಕೆಥೆಡ್ರಲ್, 16ನೆಯ ಶತಮಾನದ ಮೇಲ್ಗಾಲುವೆಯ ಕಮಾನುಗಳೊಳಗೆ ಕಟ್ಟಿಕೊಂಡ ಮನೆಗಳು: 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಊರು ಅದು, ಕಾಲು ತಾನಾಗಿ ನಿಧಾನವಾಗುತ್ತದೆ. ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಗೋಡೆತುಂಬ ಮನುಷ್ಯರ ಮೂಳೆ ಜೋಡಿಸಿದ ಪ್ರಾರ್ಥನಾಮಂದಿರದ ಬಾಗಿಲ ಮೇಲೆ, ‘ಇಲ್ಲಿರುವ ಮೂಳೆಗಳಾದ ನಾವು ನಿಮ್ಮವಕ್ಕಾಗಿ ಕಾಯುತ್ತಿದ್ದೇವೆ’ ಎಂದು ಕೆತ್ತಿದ್ದಾರೆ. ನಮ್ಮ ಪೆಟ್ಟಿಗೆಗಾಗಿ ಕಾಯುತ್ತಿದ್ದವರು ಬೇರೆಯೇ ಇದ್ದರು.

ಹೋದದ್ದು ಲ್ಯಾಪ್‌ಟಾಪ್, ಔಷಧಿಯ ಚೀಲ ಮತ್ತು ಪಾಸ್‌ಪೋರ್ಟ್‌ಗಳು. ಲ್ಯಾಪ್‌ಟಾಪಿನ ಮಾತು ಬಿಡಿ. ಶಿವಮೊಗ್ಗದಿಂದ ನಮ್ಮನ್ನು ನೋಡಲು ಜರ್ಮನಿಗೆ ಬಂದಿದ್ದ ಅಮ್ಮನ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಅಂಟಿಸಿದ್ದದ್ದು ಆ ಪಾಸ್‌ಪೋರ್ಟಿನಲ್ಲಿ. ಲಿಸ್ಬನ್‌ನ ಭಾರತೀಯ ರಾಯಭಾರ ಕಚೇರಿಯವರು ಸಹಾಯ ಮಾಡಿದರು, ನಿಜ. ಆದರೆ ಅವರು ಕೊಡುವ ತುರ್ತು ಪ್ರಮಾಣಪತ್ರ ಭಾರತಕ್ಕೆ ಮರಳುವ ಒಂದೇ ಪ್ರಯಾಣಕ್ಕೆ. ಹೀಗಾಗಿ ಫ್ರಾಂಕ್‌ಫರ್ಟ್‌ನಿಂದ ಕಾದಿರಿಸಿದ್ದ ಟಿಕೆಟ್ ವ್ಯರ್ಥವಾಯಿತು, ಲಿಸ್ಬನ್‌ನಿಂದಲೇ ಹೊಸದಾಗಿ ಕೊಳ್ಳಬೇಕಾಯಿತು. ಆ ಪತ್ರ ಪಡೆಯಲು ಪೊಲೀಸ್ ದೂರಿನ ಪ್ರತಿ ಬೇಕು. ನಗರದೊಳಗಿನ ಕಳವಿಗೆ ಪಿಎಸ್‌ಪಿ ಎಂಬ ನಗರ ಪೊಲೀಸರ ಠಾಣೆಗೆ ಹೋಗಬೇಕು. ಹಳ್ಳಿಗಾಡಿನಲ್ಲಿ ಆದರೆ ಅಲ್ಲಿನ ಕಾವಲು ನೋಡಿಕೊಳ್ಳುವ ಜಿಎನ್‌ಆರ್ ಪಡೆಯ ಠಾಣೆಗೆ. ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಚಿತ್ರ ನನ್ನ ಹೆಂಡತಿಯ ಮೊಬೈಲಿನಲ್ಲಿ ಇದ್ದದ್ದರಿಂದ ಎರಡೂ ಕಡೆ ಕೆಲಸ ಹಗುರವಾಯಿತು.

ನನಗೆ ಇನ್ನೂ ಸಿಟ್ಟು ಇಳಿಯದಿರುವುದು ಬಾಡಿಗೆ ಕಂಪನಿಯ ಮೇಲೆ. ‘ಪೂರ್ಣ ವಿಮೆ’ ಎಂದು ದಿನಕ್ಕಿಷ್ಟು ಎಂದು ಹೆಚ್ಚುವರಿ ಹಣ ವಸೂಲಿ ಮಾಡಿದ್ದರು. ವ್ಯಾನ್ ಒಪ್ಪಿಸಿದಾಗ ಕರಾರಿನ ಕೊನೆಯ ಪುಟ ಹೊರಬಂತು: ಕಿಟಕಿ, ಟೈರು, ಚಾವಣಿ, ಒಳಗಿನ ಪೀಠೋಪಕರಣ ಯಾವುದಕ್ಕೂ ವಿಮೆ ಅನ್ವಯಿಸುವುದಿಲ್ಲ. ಪ್ರಯಾಣಿಕರ ಸಾಮಾನಿಗಂತೂ ಇಲ್ಲವೇ ಇಲ್ಲ. ವ್ಯಾನ್ ದುರಸ್ತಿಯಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ನಮ್ಮ ಠೇವಣಿಯಿಂದ ಮುರಿದುಕೊಂಡರು. ಹಣ ಕಟ್ಟುವ ಮೊದಲು ‘ಏನೇನು ಒಳಪಡುವುದಿಲ್ಲ’ ಎಂಬುದನ್ನು ಇಮೇಲ್‌ನಲ್ಲಿ ಬರೆಯಿಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಬೇರೆ ಕಂಪನಿ ನೋಡಿ.

ಎವೊರಾಕ್ಕೆ ಲಿಸ್ಬನ್‌ನಿಂದ ರೈಲಿದೆ, ಸುಮಾರು ಒಂದೂವರೆ ಗಂಟೆಯ ದಾರಿ. ಸೆತೆ ರಿಯೋಸ್ ನಿಲ್ದಾಣದಿಂದ ಬಸ್ಸುಗಳೂ ಇವೆ. ವ್ಯಾನಿನಲ್ಲೇ ಹೋಗುವ ಹಟವಿದ್ದರೆ ಊರಾಚೆಯ ಕ್ಯಾಂಪಿಂಗ್ ತಾಣದಲ್ಲಿ ದುಡ್ಡು ಕೊಟ್ಟು ನಿಲ್ಲಿಸಿ, ಪಾಸ್‌ಪೋರ್ಟ್ ಮೈಮೇಲೆ ಇರಲಿ.

ಇನ್ನೊಂದು ವಿಷಯ. ಪೋರ್ಚುಗಲ್‌ನಲ್ಲಿ ಇಂಥ ಪ್ರತಿಯೊಂದು ವ್ಯಾಪಾರಸ್ಥಳದಲ್ಲೂ ‘ಲಿವ್ರು ದೆ ರೆಕ್ಲಮಸೋಯಿಶ್’ ಎಂಬ ದೂರು ಪುಸ್ತಕ ಇರಲೇಬೇಕೆಂಬ ಕಾನೂನಿದೆ. ಕೊಡಲು ನಿರಾಕರಿಸಿದರೆ ಪೊಲೀಸರನ್ನು ಕರೆಯಬಹುದು. ಅದನ್ನು ಕೇಳಿದ ತಕ್ಷಣ, ಅದುವರೆಗೆ ಇಂಗ್ಲಿಷ್ ಬಾರದಂತೆ ಕುಳಿತಿದ್ದ ವ್ಯವಸ್ಥಾಪಕರಿಗೆ ಸೊಗಸಾದ ಇಂಗ್ಲಿಷ್ ಬಂತು, ದುರಸ್ತಿ ದಿನಗಳ ಬಾಡಿಗೆ ಅರ್ಧಕ್ಕೆ ಇಳಿಯಿತು. ಉಳಿದರ್ಧಕ್ಕಾಗಿ ಪುಸ್ತಕದಲ್ಲಿ ಬರೆದೇ ಬಂದೆ.