ಮ್ಯಾರಥಾನ್ ಓಡಿ ಸೋತ ಕಾಲಿಗೆ ಐಸಾ, ಎಣ್ಣೆಯಾ, ರೋಲರ್ರಾ?

ನಮ್ಮ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. 42.195 ಕಿಲೋಮೀಟರ್ ಓಡಿದ ಮರುದಿನ ಮೆಟ್ಟಿಲು ಹತ್ತುವುದು ಹೇಗೋ ಆಗುತ್ತದೆ. ಇಳಿಯುವುದೇ ಪಜೀತಿ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಓಟದಲ್ಲಿ ಒಳಗೊಳಗೇ ಸಣ್ಣಗೆ ಹರಿದಿರುವುದೂ ಅದೇ. ಹಾಗಾಗಿ ನನ್ನ ಅಳತೆ ಒಂದೇ: ಕಂಬಿ ಹಿಡಿಯದೆ ಕೆಳಗಿಳಿಯಲು ಎಷ್ಟು ದಿನ ಹಿಡಿಯಿತು? ಎರಡು ಬೆಂಗಳೂರು, ಎರಡು ಮುಂಬೈ, ಒಟ್ಟು ನಾಲ್ಕು ಓಟದ ಲೆಕ್ಕ ಇದು.

ಮೊದಲನೆಯದಕ್ಕೆ ಅಮ್ಮನ ಎಣ್ಣೆ ಸ್ನಾನ. "ದುಡ್ಡು ಕೊಟ್ಟು ಕಾಲು ನೋಯಿಸ್ಕೊಂಡು ಬರ್ತೀಯಲ್ಲೋ" ಅಂತ ಬೈಯುತ್ತಲೇ ಅವತ್ತು ಸಂಜೆಯೇ ಬಿಸಿ ಎಳ್ಳೆಣ್ಣೆ ಹಚ್ಚಿ ಮೀನಖಂಡ ತಿಕ್ಕಿದರು. ಊದಿಕೊಂಡ ಸ್ನಾಯುವನ್ನು ಹಾಗೆ ತಿಕ್ಕಿದರೆ ಇನ್ನೇನಾಗುತ್ತದೆ? ಮೇಲಿಂದ ಸುಡುಸುಡು ನೀರು. ಬೆವರಿ ಬತ್ತಿದ್ದ ಮೈ, ಬಚ್ಚಲಲ್ಲೇ ತಲೆ ತಿರುಗಿತು. ಕಂಬಿ ಬಿಡಲು ಐದು ದಿನ.

ಎರಡನೆಯದಕ್ಕೆ ಐಸ್. ಬೆಂಗಳೂರಿನ ಎಷ್ಟು ಮನೆಗಳಲ್ಲಿ ಬಾತ್‌ಟಬ್ ಇದೆ ಹೇಳಿ? 200 ಲೀಟರಿನ ನೀಲಿ ಡ್ರಮ್ ತಂದೆ. ಐಸ್ ಅಂಗಡಿಯವರು "ಏನ್ ಸಾರ್, ಮದುವೆನಾ?" ಅಂದರು. ನೀರು 12 ಡಿಗ್ರಿಗೆ ಬಂದ ಮೇಲೆ ಸೊಂಟದವರೆಗೆ ಇಳಿದು ಹತ್ತು ನಿಮಿಷ ನಿಂತೆ. ಮೊದಲ ಎರಡು ನಿಮಿಷ ಪ್ರಾಣ ಹೋದ ಹಾಗೆ. ಆಮೇಲೆ ಮರಗಟ್ಟುತ್ತದೆ. ಅವತ್ತು ರಾತ್ರಿ ಕಾಲು ಹಗುರ ಅನ್ನಿಸಿದ್ದು ನಿಜ, ಎಣ್ಣೆಯ ದಿನಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೆ ನೋವು ಎಲ್ಲಿಗೂ ಹೋಗಿರಲಿಲ್ಲ, ತಡವಾಗಿ ಬಂತು. ನಾಲ್ಕು ದಿನ. ಒಂದು ದಿನ ಉಳಿಸಲು ಇಷ್ಟೆಲ್ಲಾ ಸರ್ಕಸ್.

ಮೂರನೆಯದು ಮುಂಬೈ. ಫೋಮ್ ರೋಲರ್ ಕೊಂಡಿದ್ದೆ, ನೆಲದ ಮೇಲಿಟ್ಟು ಅದರ ಮೇಲೆ ಕಾಲು ಉರುಳಿಸಿ ಸ್ನಾಯು ಒತ್ತಿಕೊಳ್ಳುವ ಗಟ್ಟಿ ಸ್ಪಂಜಿನ ಉರುಳೆ. ಸುಮ್ನೆ ಒಂದು ಪರೀಕ್ಷೆ ಮಾಡೋಣ ಅಂತ ಎಡಗಾಲಿಗೆ ಮಾತ್ರ ಉರುಳಿಸಿದೆ, ಬಲಗಾಲನ್ನು ಹಾಗೇ ಬಿಟ್ಟೆ. ಉರುಳಿಸಿದ ಮೇಲೆ ಅರ್ಧ ಗಂಟೆ ಎಡಗಾಲು ಸಡಿಲ. ಆಮೇಲೆ ಎರಡೂ ಒಂದೇ. ಮೆಟ್ಟಿಲ ಮೇಲಂತೂ ಯಾವುದು ಯಾವ ಕಾಲು ಅಂತ ಗೊತ್ತೇ ಆಗಲಿಲ್ಲ. "ಲ್ಯಾಕ್ಟಿಕ್ ಆಸಿಡ್ ಕೂತಿದೆ, ಒತ್ತಿ ಹೊರಗೆ ಹಾಕಬೇಕು" ಅನ್ನುವವರಿದ್ದಾರಲ್ಲ, ಓಡುವಾಗ ಸ್ನಾಯುವಿನಲ್ಲಿ ಹುಟ್ಟುವ ಆ ಆಸಿಡ್ ಓಟ ನಿಂತ ಒಂದೆರಡು ಗಂಟೆಯಲ್ಲೇ ಕರಗಿರುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಯ ನಡುವೆ. ಇಲ್ಲದ ಆಸಿಡ್ಡನ್ನು ಒತ್ತಿ ತೆಗೆಯುವುದು ಹೇಗೆ?

ಅವತ್ತಿನ ನಿಜವಾದ ತಪ್ಪು ಬೇರೆ. ಸೋಮವಾರ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಅಪ್ಪರ್ ಬರ್ತ್. ಒಮ್ಮೆ ಹತ್ತಿದವನು ಇಳಿಯುವ ಧೈರ್ಯವಿಲ್ಲದೆ ಹಗಲೆಲ್ಲಾ ಮುದುಡಿ ಮಲಗಿದ್ದೆ. ಬೆಂಗಳೂರಲ್ಲಿ ಇಳಿಯುವಾಗ ಮಂಡಿ ಮಡಚಲಾಗಲಿಲ್ಲ. ಮತ್ತೆ ಐದು ದಿನ.

ಮುಂದಿನ ಬಾರಿ ಅದೇ ಓಟ. ಕಾಲು ಸೋತ ಹೊತ್ತಿಗೆ ಎದುರಾಗುವ ಅದೇ ಪೆಡ್ಡರ್ ರೋಡ್ ಏರು. ಅದೇ ರೈಲು, ಆದರೆ ಲೋಯರ್ ಬರ್ತ್. ಐಸ್ ಇಲ್ಲ, ರೋಲರ್ ಇಲ್ಲ. ಭಾನುವಾರ ರಾತ್ರಿ ಅನ್ನ, ಬೇಳೆ, ಮೊಸರು ಹೊಟ್ಟೆ ತುಂಬಾ ತಿಂದು ಒಂಬತ್ತಕ್ಕೇ ಮಲಗಿದೆ. ರೈಲಿನಲ್ಲಿ ಗಂಟೆಗೊಮ್ಮೆ ಬೋಗಿಯ ಆ ತುದಿಗೆ ಹೋಗಿ ಬಂದೆ. ಸೊಲ್ಲಾಪುರ, ಕಲಬುರಗಿಯಲ್ಲಿ ಪ್ಲಾಟ್‌ಫಾರ್ಮಿಗೆ ಇಳಿದು ಬಾತುಕೋಳಿಯ ಹಾಗೆ ನಡೆದೆ. ಜನ ನೋಡಿದರು, ನೋಡಲಿ. ಬುಧವಾರ ಅಮ್ಮನ ಎಣ್ಣೆ, ಈ ಸಲ ಮೆಲ್ಲಗೆ ಸವರಿ, ಹದ ಬಿಸಿ ನೀರಲ್ಲಿ. ಊತ ಇಳಿದ ಕಾಲಿಗೆ ಅದರಷ್ಟು ಸುಖ ಇನ್ನೊಂದಿಲ್ಲ. ಅವತ್ತು ಸಂಜೆ ಹಾಲು ತರಲು ಕಂಬಿ ಮುಟ್ಟದೆ ಇಳಿದೆ. ಮೂರೇ ದಿನ. ಆ ವರ್ಷ ತಯಾರಿಯೂ ಚೆನ್ನಾಗಿತ್ತು, ಹಾಗಾಗಿ ಪೂರ್ತಿ ಹೆಸರು ನಡಿಗೆಗೆ ಕೊಡಲಾರೆ.

ನೋವಿನ ಮಾತ್ರೆ ಈ ಪಂದ್ಯದಲ್ಲೇ ಇಲ್ಲ. ನೀರು ಬತ್ತಿದ ಮೈಗೆ ಐಬುಪ್ರೊಫೆನ್ ನುಂಗಿದರೆ ಪೆಟ್ಟು ಬೀಳುವುದು ಕಿಡ್ನಿಗೆ.

ಒಂದೇ ದಿನ ಹಗುರವಾಗಬೇಕು, ಮರುದಿನ ಆಫೀಸಿಗೆ ಹೋಗಲೇಬೇಕು ಅನ್ನುವವರು ಬೇಕಾದರೆ ಐಸಿಗೆ ಇಳಿಯಲಿ, ಡ್ರಮ್ ನಾನೇ ಕೊಡುತ್ತೇನೆ. ಜನವರಿಗೆ ಮತ್ತೆ ಮುಂಬೈ. ಲೋಯರ್ ಬರ್ತ್ ಸಿಗುವ ತನಕ ಟಿಕೆಟ್ ಮಾಡಿಸುವುದಿಲ್ಲ.